ಮಯೋಸ್ಟಾಟಿನ್ ವಯಲ್ ಕೈಗೆ ಬಂದಿದೆ, ಮುಂದೇನು?

"ಮಯೋಸ್ಟಾಟಿನ್ ಹಾಕಿದೆ, ಸೆಲ್‌ಗಳಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಪ್ರೋಟೀನ್ ಕೆಟ್ಟಿರಬಹುದಾ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಪಿಎಚ್‌ಡಿ ಈಗಷ್ಟೇ ಶುರು ಮಾಡಿದವರು, ಇಲ್ಲವೇ ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿರುವವರು. ನಾನು ತಿರುಗಿ ಕೇಳುವುದು ಒಂದೇ: "ಯಾವುದರಲ್ಲಿ ಕರಗಿಸಿದಿರಿ?" ಬಹಳ ಸಲ ಉತ್ತರ "ಪಿಬಿಎಸ್‌ನಲ್ಲಿ" ಎಂದೇ ಇರುತ್ತದೆ, ಅಂದರೆ ಲ್ಯಾಬ್‌ನಲ್ಲಿ ಸದಾ ಬಳಸುವ, ಪಿಎಚ್ 7ರ ಆಸುಪಾಸಿನ ಉಪ್ಪುನೀರಿನ ಬಫರ್‌ನಲ್ಲಿ. ಅಲ್ಲಿಗೆ ಅರ್ಧ ಕಾರಣ ಸಿಕ್ಕಿಬಿಡುತ್ತದೆ.

ಈ ಪ್ರೋಟೀನ್‌ನ ಪ್ರಯೋಗಗಳು ಕೆಡುವುದು ಹೆಚ್ಚಾಗಿ ಇನ್‌ಕ್ಯುಬೇಟರ್‌ನಲ್ಲಿ ಅಲ್ಲ, ವಯಲ್ ತೆರೆದ ಮೊದಲ ಅರ್ಧ ಗಂಟೆಯಲ್ಲಿ. ವಯಲ್‌ನಲ್ಲಿ ಇರುವುದೇ 10 ಮೈಕ್ರೋಗ್ರಾಂ. ಬೆಲೆ ಜಾಸ್ತಿ, ತರಿಸಿಕೊಳ್ಳಲು ವಾರಗಟ್ಟಲೆ ಕಾಯಬೇಕು. ಹಾಗಾಗಿ ಆ ಅರ್ಧ ಗಂಟೆಯ ಬಗ್ಗೆಯೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಮೊದಲು ಇದು ಏನು ಅಂತ ತಿಳಿದುಕೊಳ್ಳಿ

ಮಯೋಸ್ಟಾಟಿನ್ ಅಂದರೆ ಸ್ನಾಯು ತನ್ನ ಬೆಳವಣಿಗೆಗೆ ತಾನೇ ಹಾಕಿಕೊಳ್ಳುವ ಕಡಿವಾಣ. ಇದರ ಇನ್ನೊಂದು ಹೆಸರು ಜಿಡಿಎಫ್-8. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಲೆಕ್ಸಾಂಡ್ರಾ ಮ್ಯಾಕ್‌ಫೆರಾನ್, ಆನ್ ಲಾಲರ್ ಮತ್ತು ಸೆ-ಜಿನ್ ಲೀ ಇದನ್ನು ಪ್ರಕಟಿಸಿದರು. ಇಲಿಯಲ್ಲಿ ಈ ಜೀನ್ ತೆಗೆದುಹಾಕಿದರೆ ಅದರ ಒಂದೊಂದು ಸ್ನಾಯುವೂ ಎರಡರಿಂದ ಮೂರು ಪಟ್ಟು ತೂಕ ಬಂತು. ಬೆಲ್ಜಿಯನ್ ಬ್ಲೂ ಎನ್ನುವ ದನದ ತಳಿಯ ಫೋಟೋ ನೋಡಿರುತ್ತೀರಿ, ತೊಡೆಯ ಮಾಂಸ ಗಂಟುಗಂಟಾಗಿ ಉಬ್ಬಿರುತ್ತದೆ. ಅದರ ಮಯೋಸ್ಟಾಟಿನ್ ಜೀನ್‌ನಲ್ಲಿ 11 ಅಕ್ಷರಗಳು ಬಿಟ್ಟುಹೋಗಿವೆ, ಅಷ್ಟೇ.

ಸೆಲ್ ಒಳಗೆ ಇದು 375 ಅಮೈನೋ ಆಮ್ಲಗಳ ಉದ್ದನೆಯ ಸರಪಳಿಯಾಗಿ ತಯಾರಾಗುತ್ತದೆ. ಆಮೇಲೆ ಕತ್ತರಿಸಲ್ಪಟ್ಟು ಕೊನೆಯ 109 ಅಮೈನೋ ಆಮ್ಲಗಳ ತುಂಡು ಬೇರೆಯಾಗುತ್ತದೆ. ಅಂಥ ಎರಡು ತುಂಡುಗಳು ಗಂಧಕದ ಬಂಧದಿಂದ ಜೋಡಿಯಾದಾಗ ಕೆಲಸ ಮಾಡುವ ಮಯೋಸ್ಟಾಟಿನ್ ಆಯಿತು. ಜೋಡಿಯ ತೂಕ ಸುಮಾರು 25 ಕಿಲೋಡಾಲ್ಟನ್, ಒಂಟಿಯದ್ದು ಸುಮಾರು 12.5. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಕತ್ತರಿಸಿ ಉಳಿದ ಮುಂಭಾಗಕ್ಕೆ ಪ್ರೊಪೆಪ್ಟೈಡ್ ಎನ್ನುತ್ತಾರೆ. ಅದು ಜೋಡಿಯನ್ನು ಅಪ್ಪಿಕೊಂಡಿರುವ ತನಕ ಮಯೋಸ್ಟಾಟಿನ್ ಸುಮ್ಮನೆ ಮಲಗಿರುತ್ತದೆ.

ಇಂಥ ವಯಲ್ ಮೇಲೆ "ರಿಕಾಂಬಿನೆಂಟ್" ಎಂಬ ಪದ ಇರುತ್ತದೆ. ಹಾಗೆಂದರೆ ಮನುಷ್ಯನ ಜೀನನ್ನು ಬೇರೊಂದು ಸೆಲ್ ಒಳಗೆ ಸೇರಿಸಿ ಅದರಿಂದ ತಯಾರಿಸಿಕೊಂಡದ್ದು. ಯಾರ ದೇಹದಿಂದಲೂ ತೆಗೆದದ್ದಲ್ಲ.

ಇಲ್ಲೇ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. "ನನ್ನದು ಇಲಿಯ ಸೆಲ್, ಪ್ರೋಟೀನ್ ಮನುಷ್ಯನದು, ನಡೆಯುತ್ತಾ?" ನಡೆಯುತ್ತದೆ. ಆ 109 ಅಮೈನೋ ಆಮ್ಲಗಳು ಮನುಷ್ಯ, ಇಲಿ, ಹಂದಿ, ಕೋಳಿ ಎಲ್ಲದರಲ್ಲೂ ಒಂದೇ. ಒಂದಕ್ಷರವೂ ವ್ಯತ್ಯಾಸ ಇಲ್ಲ.

ಮತ್ತೊಂದು ಮಾತು, ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಜಿಮ್‌ಗೆ ಹೋಗುವ ಹುಡುಗರು ಈ ಹೆಸರು ಕೇಳಿ ಲ್ಯಾಬ್‌ನಲ್ಲಿರುವ ಗೆಳೆಯರನ್ನು ವಿಚಾರಿಸುವುದುಂಟು. ವಯಲ್ ಮೇಲೆ "ಸಂಶೋಧನೆಗೆ ಮಾತ್ರ" ಎಂದು ಬರೆದಿರುವುದು ಸುಮ್ನೆ ಅಲ್ಲ. ಇಲಿಗಳ ಮೈಯಲ್ಲಿ ಮಯೋಸ್ಟಾಟಿನ್ ಜಾಸ್ತಿಯಾಗುವಂತೆ ಮಾಡಿದಾಗ ಅವು ಸ್ನಾಯು, ಕೊಬ್ಬು ಎರಡನ್ನೂ ಕಳೆದುಕೊಂಡು ಬಡಕಲಾದವು. ಇದನ್ನು ತಡೆಯುವ ಪದಾರ್ಥಗಳು ಕ್ರೀಡಾಪಟುಗಳಿಗೆ ನಿಷೇಧವಾಗಿರುವ ಪಟ್ಟಿಯಲ್ಲಿವೆ. ಲ್ಯಾಬ್‌ನ ಯಾವ ವಯಲ್ಲೂ ಯಾರ ಮೈಗೂ ಹೋಗಬಾರದು.

ಹಂತ 1: ಆರ್ಡರ್ ಹಾಕುವ ಮುಂಚೆ

ಕ್ಯಾಟಲಾಗ್‌ನಲ್ಲಿ "ಹ್ಯೂಮನ್ ಮಯೋಸ್ಟಾಟಿನ್" ಎಂದು ಹುಡುಕಿದರೆ ಹತ್ತಾರು ಬರುತ್ತವೆ. ಎಲ್ಲವೂ ಒಂದೇ ಅಲ್ಲ. ಕಡಿಮೆ ಬೆಲೆಯದ್ದನ್ನು ಆರಿಸಿ ಕಳಿಸಿ ಎಂದು ಖರೀದಿ ವಿಭಾಗದವರು ಹೇಳುವ ಮುಂಚೆ ಈ ಮೂರನ್ನು ನೋಡಿಕೊಳ್ಳಿ.

ಒಂದು, ಯಾವ ಭಾಗ. ನಿಮಗೆ ಬೇಕಾದದ್ದು ಕೊನೆಯ 109 ಅಮೈನೋ ಆಮ್ಲಗಳ "ಮೆಚ್ಯೂರ್" ರೂಪ, ಅದೂ ಜೋಡಿಯಾಗಿರುವುದು. ಪ್ರೊಪೆಪ್ಟೈಡ್ ಮಾತ್ರ ಇರುವ ವಯಲ್ ಕೂಡ ಮಾರಾಟಕ್ಕಿದೆ. ಅದು ಮಯೋಸ್ಟಾಟಿನ್‌ನ ಕೆಲಸ ತಡೆಯುತ್ತದೆ, ಅಂದರೆ ನಿಮಗೆ ಬೇಕಾದುದರ ತದ್ವಿರುದ್ಧ! ಪ್ರೊಪೆಪ್ಟೈಡ್ ಸಮೇತ ಮಲಗಿರುವ "ಲೇಟೆಂಟ್" ರೂಪವೂ ಸಿಗುತ್ತದೆ. ಅದನ್ನು ಎಬ್ಬಿಸಲು ಬೇರೆ ಉಪಾಯ ಬೇಕು.

ಎರಡು, ಯಾವ ಸೆಲ್‌ನಲ್ಲಿ ತಯಾರಿಸಿದ್ದು. ಚೈನೀಸ್ ಹ್ಯಾಮ್‌ಸ್ಟರ್‌ನ ಸಿಎಚ್‌ಓ ಸೆಲ್, ಇಲಿಯ ಮೈಲೋಮಾ ಸೆಲ್, ಇಲ್ಲವೇ ಇ. ಕೋಲಿ ಬ್ಯಾಕ್ಟೀರಿಯಾ. ಇ. ಕೋಲಿಯಲ್ಲಿ ಈ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಮುದ್ದೆಯಾಗಿ ಕೂರುತ್ತದೆ. ಅದನ್ನು ಬಿಡಿಸಿ ಮತ್ತೆ ಮಡಚಬೇಕು. ಚೆನ್ನಾಗಿ ಮಡಚಿದ್ದರೆ ತೊಂದರೆ ಇಲ್ಲ. ಮಡಚದೆ ಯೂರಿಯಾದಲ್ಲಿ ಕರಗಿಸಿ ಕಳಿಸಿದ್ದರೆ ಅದು ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನಕ್ಕೆ) ಗುರುತಾಗಿ ಬಳಸಲು ಸಾಕು, ಸೆಲ್ ಮೇಲೆ ಹಾಕಲು ಪ್ರಯೋಜನ ಇಲ್ಲ. "ಪ್ಯೂರಿಟಿ 95%" ಎಂದಿದ್ದರೂ ಅಷ್ಟೇ. ಶುದ್ಧವಾಗಿರುವುದು ಬೇರೆ, ಕೆಲಸ ಮಾಡುವುದು ಬೇರೆ. "ಬಯೋಆಕ್ಟಿವ್" ಎಂಬ ಪದ ಇದೆಯೇ, ಅದನ್ನು ಯಾವ ಪರೀಕ್ಷೆಯಲ್ಲಿ ತೋರಿಸಿದ್ದಾರೆ ಎಂದು ಓದಿ.

ಮೂರು, ಎಂಡೋಟಾಕ್ಸಿನ್. ಇದು ಇ. ಕೋಲಿಯಂಥ ಬ್ಯಾಕ್ಟೀರಿಯಾದ ಹೊರಪೊರೆಯ ಚೂರು. ಪ್ರೋಟೀನ್ ಜೊತೆ ಅಂಟಿಕೊಂಡು ಬರುತ್ತದೆ. ಸ್ನಾಯುವಿನ ಸೆಲ್‌ಗಳು ಇದನ್ನು ಗುರುತಿಸಿ ತಾವೇ ಸೊರಗುತ್ತವೆ. ಅದನ್ನು ನೀವು ಮಯೋಸ್ಟಾಟಿನ್ ಪರಿಣಾಮ ಎಂದು ಬರೆದುಬಿಡುತ್ತೀರಿ. ಪ್ರತಿ ಮೈಕ್ರೋಗ್ರಾಂಗೆ 1 ಇಯುಗಿಂತ ಕಡಿಮೆ ಇರುವುದನ್ನೇ ತರಿಸಿ. ಇಯು ಎಂದರೆ ಎಂಡೋಟಾಕ್ಸಿನ್ ಅಳೆಯುವ ಘಟಕ.

"ಕ್ಯಾರಿಯರ್ ಇರುವುದಾ, ಇಲ್ಲದ್ದಾ?" ಎಂದೂ ಕೇಳುತ್ತಾರೆ. ಕ್ಯಾರಿಯರ್ ಅಂದರೆ ಮುಖ್ಯ ಪ್ರೋಟೀನ್ ಗೋಡೆಗೆ ಅಂಟದಂತೆ ಜೊತೆಗೆ ಹಾಕುವ ಅಗ್ಗದ ಪ್ರೋಟೀನ್, ಸಾಮಾನ್ಯವಾಗಿ ಬಿಎಸ್‌ಎ, ಅಂದರೆ ದನದ ರಕ್ತದ ಆಲ್ಬುಮಿನ್. ಸೆಲ್ ಪ್ರಯೋಗಕ್ಕಾದರೆ ಕ್ಯಾರಿಯರ್ ಇರುವುದೇ ಒಳ್ಳೆಯದು. ಪ್ರೋಟೀನ್‌ಗೆ ಬಣ್ಣದ ಗುರುತು ಜೋಡಿಸುವುದು, ಮಾಸ್ ಸ್ಪೆಕ್ಟ್ರೋಮೆಟ್ರಿ, ಜೆಲ್‌ನಲ್ಲಿ ಸಿಲ್ವರ್ ಬಣ್ಣ, ಇಂಥವಕ್ಕೆ ಕ್ಯಾರಿಯರ್ ಇಲ್ಲದ್ದು ಬೇಕು.

ಹಂತ 2: ಪಾರ್ಸೆಲ್ ಬಂದ ದಿನ

ಐಸ್ ಜೆಲ್ ಕರಗಿ ನೀರಾಗಿದೆ ಎಂದು ಗಾಬರಿಯಾಗಬೇಡಿ. ವಯಲ್‌ನಲ್ಲಿರುವುದು ಲಯೋಫಿಲೈಸ್ ಮಾಡಿದ ಪುಡಿ. ಅಂದರೆ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರನ್ನೆಲ್ಲ ಎಳೆದು ಒಣಗಿಸಿದ್ದು. ಒಣಗಿದ ಸ್ಥಿತಿಯಲ್ಲಿ ಅದು ಗಟ್ಟಿ. ಹಲವು ಕಂಪನಿಗಳು ಕೋಣೆಯ ತಾಪಮಾನದಲ್ಲೇ ಕಳಿಸುತ್ತವೆ. ದ್ರವರೂಪದಲ್ಲಿ ಡ್ರೈ ಐಸ್ ಮೇಲೆ ಬರಬೇಕಿದ್ದದ್ದು ಕರಗಿ ಬಂದಿದ್ದರೆ ಮಾತ್ರ ತಕ್ಷಣ ಫೋಟೋ ತೆಗೆದು ದೂರು ಕೊಡಿ.

ಜೊತೆಗೆ ಬರುವ ಸಿಓಎ ಹಾಳೆಯನ್ನು, ಅಂದರೆ ಆ ಲಾಟ್‌ನ ಪರೀಕ್ಷಾ ಪತ್ರವನ್ನು, ಎಸೆಯಬೇಡಿ. ಲಾಟ್ ಸಂಖ್ಯೆಯನ್ನು ಲ್ಯಾಬ್ ಪುಸ್ತಕದಲ್ಲಿ ಅವತ್ತೇ ಬರೆಯಿರಿ. ಯಾವುದರಲ್ಲಿ, ಎಷ್ಟು ಸಾಂದ್ರತೆಗೆ ಕರಗಿಸಬೇಕು ಎಂದು ಅದರಲ್ಲಿರುತ್ತದೆ. ನಾನು ಮುಂದೆ ಹೇಳುವುದು ಬಹುಪಾಲು ಮಯೋಸ್ಟಾಟಿನ್‌ಗೆ ಹೊಂದುವ ದಾರಿ. ಆದರೆ ಹಾಳೆ ಬೇರೆ ಹೇಳಿದರೆ ಹಾಳೆಯ ಮಾತೇ ಕೊನೆ. ಕರಗಿಸುವ ದಿನದ ತನಕ ವಯಲನ್ನು ಮೈನಸ್ 20 ಡಿಗ್ರಿಯಲ್ಲಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಿ.

ಹಂತ 3: ಆಮ್ಲದ ನೀರು ತಯಾರಿಸಿ

ಮಯೋಸ್ಟಾಟಿನ್ ಟಿಜಿಎಫ್-ಬೀಟಾ ಕುಟುಂಬದ್ದು. ಈ ಕುಟುಂಬದ ಪ್ರೋಟೀನ್‌ಗಳ ಮೈಯೆಲ್ಲ ನೀರನ್ನು ಕಂಡರಾಗದ ಜಾಗಗಳು. ಪಿಎಚ್ 7ರ ಸುತ್ತಮುತ್ತ, ಸಾಂದ್ರತೆ ಜಾಸ್ತಿ ಇದ್ದಾಗ, ಅವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ, ಇಲ್ಲವೇ ಟ್ಯೂಬ್ ಗೋಡೆಗೆ ಅಂಟುತ್ತವೆ. ಪಿಬಿಎಸ್‌ನಲ್ಲಿ ಆಗುವುದು ಇದೇ. ಕಣ್ಣಿಗೆ ದ್ರಾವಣ ತಿಳಿಯಾಗಿಯೇ ಕಾಣುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಪಿಎಚ್ ಇಳಿಸಿದರೆ ಪ್ರತಿಯೊಂದು ಜೋಡಿಯ ಮೇಲೂ ಧನ ವಿದ್ಯುದಂಶ ಹೆಚ್ಚುತ್ತದೆ, ಒಂದನ್ನೊಂದು ದೂರ ತಳ್ಳುತ್ತವೆ, ಕರಗಿಯೇ ಇರುತ್ತವೆ.

ಬೇಕಾಗಿರುವುದು 4 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಅದರಲ್ಲಿ 0.1% ಬಿಎಸ್‌ಎ.

ಮೊದಲು ಬಾಟಲಿಯ ಸಾಂದ್ರ ಆಮ್ಲದಿಂದ 1 ಮೋಲಾರ್ ದ್ರಾವಣ ಮಾಡಿಕೊಳ್ಳಿ. ಬಾಟಲಿಯದ್ದು ಸುಮಾರು 12 ಮೋಲಾರ್ ಇರುತ್ತದೆ. ಫ್ಯೂಮ್ ಹುಡ್ ಒಳಗೆ, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಆಮೇಲೆ 1 ಮೋಲಾರ್ ದ್ರಾವಣದ 400 ಮೈಕ್ರೋಲೀಟರ್ ತೆಗೆದು ಒಟ್ಟು 100 ಮಿಲಿಲೀಟರ್ ಆಗುವಷ್ಟು ಸ್ವಚ್ಛ ನೀರು ಸೇರಿಸಿ. ಅದೇ 4 ಮಿಲಿಮೋಲಾರ್. ಪಿಎಚ್ ಸುಮಾರು 2.4 ಬರುತ್ತದೆ. ಪಿಎಚ್ ಕಾಗದದಿಂದ ಒಮ್ಮೆ ನೋಡಿಕೊಳ್ಳಿ.

ಇದರ 10 ಮಿಲಿಲೀಟರ್‌ಗೆ 10 ಮಿಲಿಗ್ರಾಂ ಬಿಎಸ್‌ಎ ಹಾಕಿ. ಬಿಎಸ್‌ಎ ಪುಡಿಯನ್ನು ಮೇಲೆ ಉದುರಿಸಿ ತಾನಾಗಿ ನೆನೆದು ಇಳಿಯಲು ಬಿಡಿ, ಕಲಕಿದರೆ ಬರೀ ನೊರೆ. ಕರಗಿದ ಮೇಲೆ 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ.

ಎಚ್ಚರ: ಸೋಸುವುದು ಈಗಲೇ, ಮಯೋಸ್ಟಾಟಿನ್ ಸೇರಿಸುವ ಮುಂಚೆ. ಆಮೇಲೆ ಸೋಸಿದರೆ ನಿಮ್ಮ ಪ್ರೋಟೀನ್ ಫಿಲ್ಟರ್‌ನ ಪೊರೆಗೇ ಅಂಟಿ ಉಳಿಯಬಹುದು.

ಬಿಎಸ್‌ಎ ಯಾಕೆ ಬೇಕು ಅಂತ ಕೇಳುತ್ತೀರಿ, ಅಲ್ವಾ? ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಮೇಣ ಅಂಟಬಾರದು ಅಂತ. ಇದೂ ಹಾಗೇ. ಟ್ಯೂಬ್ ಗೋಡೆಯಲ್ಲಿ ಅಂಟಲು ಇರುವ ಜಾಗವನ್ನೆಲ್ಲ ಬಿಎಸ್‌ಎ ಮೊದಲೇ ತುಂಬಿಬಿಡುತ್ತದೆ. 10 ಮೈಕ್ರೋಗ್ರಾಂ ಇರುವಾಗ ಅರ್ಧ ಮೈಕ್ರೋಗ್ರಾಂ ಗೋಡೆಗೆ ಹೋದರೂ ದೊಡ್ಡ ನಷ್ಟವೇ.

ಹಂತ 4: ಕರಗಿಸಿ

ಇಲ್ಲಿ ನಿಧಾನ ಮಾಡಿ. ಫೋನ್ ಪಕ್ಕಕ್ಕಿಡಿ.

ಫ್ರೀಜರ್‌ನಿಂದ ತೆಗೆದ ವಯಲನ್ನು ಮುಚ್ಚಿದಂತೆಯೇ ಬೆಂಚಿನ ಮೇಲೆ ಅರ್ಧ ಗಂಟೆ ಬಿಡಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಗಾಳಿಯ ತೇವ ಒಳಗೆ ಹನಿಯಾಗಿ ಕೂರುತ್ತದೆ, ಪುಡಿ ಒದ್ದೆಯಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಚ್ಚಳ ತೆಗೆಯುವ ಮುಂಚೆ ಚಿಕ್ಕ ಸೆಂಟ್ರಿಫ್ಯೂಜ್‌ನಲ್ಲಿ ಕೆಲವು ಸೆಕೆಂಡ್ ತಿರುಗಿಸಿ. ಸಾಗಣೆಯಲ್ಲಿ ಪುಡಿ ಮುಚ್ಚಳಕ್ಕೆ ಹಾರಿ ಅಂಟಿರುತ್ತದೆ. ಇದನ್ನು ಮಾಡದೆ ತೆರೆದರೆ ಪ್ರೋಟೀನ್ ಮುಚ್ಚಳದ ಜೊತೆಗೇ ಹೊರಗೆ ಹೋಯಿತು.

ಈಗ ಒಳಗೆ ನೋಡಿ. ಬಹುಶಃ ಏನೂ ಕಾಣುವುದಿಲ್ಲ. ವಯಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ತಳದ ಒಂದು ಮೂಲೆಯಲ್ಲಿ, ಆರಿದ ಹಾಲಿನ ಕಲೆಯಂಥ ತೆಳ್ಳನೆಯ ಬಿಳಿ ಪೊರೆ ಕಂಡರೂ ಕಾಣಬಹುದು. 10 ಮೈಕ್ರೋಗ್ರಾಂ ಅಂದರೆ ಅಷ್ಟೇ. "ಖಾಲಿ ವಯಲ್ ಕಳಿಸಿದ್ದಾರೆ" ಎಂದು ಕಂಪನಿಗೆ ಫೋನ್ ಮಾಡುವ ಮುಂಚೆ ಇದು ನೆನಪಿರಲಿ. ಕೆಲವು ಕಂಪನಿಗಳು ಸಕ್ಕರೆಯಂಥದ್ದೇನಾದರೂ ಸೇರಿಸಿ ಒಣಗಿಸಿರುತ್ತವೆ, ಆಗ ಮಾತ್ರ ಹತ್ತಿಯಂಥ ಬಿಳಿ ಉಂಡೆ ಕಾಣುತ್ತದೆ.

100 ಮೈಕ್ರೋಲೀಟರ್ ಆಮ್ಲದ ನೀರನ್ನು ಗೋಡೆಯ ಗುಂಟ ನಿಧಾನವಾಗಿ ಇಳಿಸಿ. ಪಿಪೆಟ್ ತುದಿ ತಳ ಕೆರೆಯಬಾರದು. ಮುಚ್ಚಿ, ವಯಲನ್ನು ಓರೆ ಮಾಡಿ ಬೆರಳಲ್ಲಿ ಹಗುರವಾಗಿ ಹೊರಳಿಸಿ, ದ್ರವ ಒಳಗೋಡೆಯನ್ನೆಲ್ಲ ಸವರಿಕೊಂಡು ಬರಲಿ. ಆಮೇಲೆ 15ರಿಂದ 20 ನಿಮಿಷ ಕೋಣೆಯ ತಾಪಮಾನದಲ್ಲಿ ಬಿಡಿ. ಮಧ್ಯೆ ಎರಡು ಸಲ ಮತ್ತೆ ಹೊರಳಿಸಿ. ವೋರ್ಟೆಕ್ಸ್ ಮೇಲೆ ಇಡಬೇಡಿ. ನೊರೆ ಬಂದರೆ ನೊರೆಯ ಮೇಲ್ಮೈಯಲ್ಲಿ ಪ್ರೋಟೀನ್ ಬಿಚ್ಚಿಕೊಂಡು ಕೆಡುತ್ತದೆ.

ಈಗ ನಿಮ್ಮ ಸ್ಟಾಕ್ ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ. 25 ಕಿಲೋಡಾಲ್ಟನ್ ಲೆಕ್ಕದಲ್ಲಿ ಅದು 4 ಮೈಕ್ರೋಮೋಲಾರ್. ನೆನಪಿಗೆ ಸುಲಭದ ಲೆಕ್ಕ: ಮಿಲಿಲೀಟರ್‌ಗೆ 25 ನ್ಯಾನೋಗ್ರಾಂ ಎಂದರೆ 1 ನ್ಯಾನೋಮೋಲಾರ್. ಒಂಟಿಯ ತೂಕ ಹಿಡಿದು ಲೆಕ್ಕ ಹಾಕಿದರೆ ಉತ್ತರ ಎರಡು ಪಟ್ಟಾಗುತ್ತದೆ. ಬೇರೆಯವರ ಅಂಕಿಗಳ ಜೊತೆ ಹೋಲಿಸುವಾಗ ಈ ತಪ್ಪನ್ನು ಬಹಳ ಸಲ ನೋಡಿದ್ದೇನೆ.

"ಎಷ್ಟು ಕರಗಿದೆ ಅಂತ ಬ್ರಾಡ್‌ಫೋರ್ಡ್ ಮಾಡಿ ನೋಡಲಾ?" ಬೇಡ. ಬ್ರಾಡ್‌ಫೋರ್ಡ್ ಒಟ್ಟು ಪ್ರೋಟೀನ್ ಅಳೆಯುವ ಪರೀಕ್ಷೆ, ನಿಮ್ಮ ದ್ರಾವಣದಲ್ಲಿ ಬಿಎಸ್‌ಎ ಮಯೋಸ್ಟಾಟಿನ್‌ನ ಹತ್ತು ಪಟ್ಟು ಇದೆ. ನೀವು ಅಳೆಯುವುದು ಬಿಎಸ್‌ಎಯನ್ನೇ. ವಯಲ್ ಮೇಲಿನ ತೂಕ ನಂಬಿ ಮುಂದುವರಿಯಿರಿ, ಕೆಲಸ ಮಾಡುತ್ತದೆಯೇ ಎಂಬುದನ್ನು ಸೆಲ್‌ನಲ್ಲಿ ನೋಡೋಣ.

ಹಂತ 5: ಪಾಲು ಮಾಡಿ ಇಡಿ

ಕರಗಿಸಿದ ದಿನವೇ ಸಣ್ಣ ಸಣ್ಣ ಪಾಲು ಮಾಡಿ. ಇದಕ್ಕೆ ಅಲಿಕ್ವಾಟ್ ಎನ್ನುತ್ತಾರೆ. ಪ್ರೋಟೀನ್ ಅಂಟದ "ಲೋ-ಬೈಂಡ್" ಟ್ಯೂಬ್‌ಗಳಲ್ಲಿ 10 ಮೈಕ್ರೋಲೀಟರ್‌ನಂತೆ ಹಾಕಿ. ಲೆಕ್ಕಕ್ಕೆ ಹತ್ತು, ಕೈಗೆ ಸಿಗುವುದು ಒಂಬತ್ತು. ಅದಕ್ಕಿಂತ ಚಿಕ್ಕ ಪಾಲು ಮಾಡಿದರೆ ಗೋಡೆಗೆ ಹೋಗುವ ಮತ್ತು ಆರಿಹೋಗುವ ಪಾಲೇ ಜಾಸ್ತಿ.

ಮೈನಸ್ 80 ಡಿಗ್ರಿಯಲ್ಲಿ ಇಡಿ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಉಳಿದರೆ ಉಳಿಯಲಿ, ಎಸೆಯಿರಿ. ಮೈನಸ್ 20ರ ಫ್ರೀಜರ್ ಮಾತ್ರ ಇದ್ದರೆ ಅದು "ಫ್ರಾಸ್ಟ್-ಫ್ರೀ" ಆಗಿರಬಾರದು. ಐಸ್ ಕಟ್ಟದಂತೆ ಅಂಥ ಫ್ರೀಜರ್ ಆಗಾಗ ತಾನಾಗಿ ಬಿಸಿಯಾಗುತ್ತದೆ. ನೀವು ಕೈ ಹಚ್ಚದಿದ್ದರೂ ನಿಮ್ಮ ಪ್ರೋಟೀನ್ ದಿನವೂ ಕರಗಿ ಹೆಪ್ಪುಗಟ್ಟುತ್ತಿರುತ್ತದೆ.

ಟ್ಯೂಬ್ ಮೇಲೆ ಹೆಸರು, ಸಾಂದ್ರತೆ, ಲಾಟ್, ತಾರೀಕು, "ಆಮ್ಲ+ಬಿಎಸ್‌ಎ" ಎಂದು ಅಳಿಸದ ಶಾಯಿಯಲ್ಲಿ ಬರೆಯಿರಿ. ಬರೀ ಆಮ್ಲ+ಬಿಎಸ್‌ಎ ಇರುವ ಟ್ಯೂಬ್‌ಗಳನ್ನೂ ಅಷ್ಟೇ ಸಂಖ್ಯೆಯಲ್ಲಿ ಮಾಡಿ ಅದೇ ಡಬ್ಬಿಯಲ್ಲಿಡಿ. ಇದೇ ನಿಮ್ಮ ವೆಹಿಕಲ್ ಕಂಟ್ರೋಲ್, ಅಂದರೆ ಪ್ರೋಟೀನ್ ಒಂದನ್ನು ಬಿಟ್ಟು ಉಳಿದೆಲ್ಲ ಇರುವ ಹೋಲಿಕೆಯ ಟ್ಯೂಬ್.

ಹಂತ 6: ಕೆಲಸ ಮಾಡುತ್ತದೆಯೇ ನೋಡಿ

ವಾರಗಟ್ಟಲೆ ಹಿಡಿಯುವ ಪ್ರಯೋಗಕ್ಕೆ ಇಳಿಯುವ ಮುಂಚೆ ಒಂದು ದಿನ ಇದಕ್ಕೆ ಕೊಡಿ. ನಾನು ಒಮ್ಮೆ ಇದನ್ನು ಬಿಟ್ಟು ನೇರವಾಗಿ ಮುಂದೆ ಹೋಗಿ ಎರಡು ತಿಂಗಳು ಕಳೆದುಕೊಂಡೆ.

ಮಯೋಸ್ಟಾಟಿನ್ ಸೆಲ್ ಮೇಲಿನ ಆಕ್ಟಿವಿನ್ ಟೈಪ್ 2 ರಿಸೆಪ್ಟರ್ ಹಿಡಿಯುತ್ತದೆ. ಅದು ಎಎಲ್‌ಕೆ4 ಇಲ್ಲವೇ ಎಎಲ್‌ಕೆ5 ಎಂಬ ಜೊತೆ ರಿಸೆಪ್ಟರನ್ನು ಎಬ್ಬಿಸುತ್ತದೆ. ಅದು ಒಳಗಿರುವ ಸ್ಮ್ಯಾಡ್2 ಮತ್ತು ಸ್ಮ್ಯಾಡ್3 ಪ್ರೋಟೀನ್‌ಗಳಿಗೆ ಫಾಸ್ಫೇಟ್ ಹಚ್ಚುತ್ತದೆ. ನಾವು ನೋಡುವುದು ಆ ಫಾಸ್ಫೇಟನ್ನು.

ಸೆಲ್‌ಗಳನ್ನು ಕೆಲವು ಗಂಟೆ ಸೀರಂ (ರಕ್ತದ ತಿಳಿ ಭಾಗ) ಇಲ್ಲದ ಮೀಡಿಯಂನಲ್ಲಿ ಇಡಿ. ಸೀರಂನಲ್ಲೇ ಟಿಜಿಎಫ್-ಬೀಟಾ ಇರುತ್ತದೆ, ಮಯೋಸ್ಟಾಟಿನ್ ಹಿಡಿದು ಕಟ್ಟಿಹಾಕುವ ಫಾಲಿಸ್ಟಾಟಿನ್‌ನಂಥವೂ ಇರುತ್ತವೆ. ಎರಡೂ ನಿಮ್ಮ ಫಲಿತಾಂಶ ಕೆಡಿಸುತ್ತವೆ. ಆಮೇಲೆ ಮಯೋಸ್ಟಾಟಿನ್ ಹಾಕಿ, 30ರಿಂದ 60 ನಿಮಿಷಕ್ಕೆ ಸೆಲ್ ಒಡೆದು ಫಾಸ್ಫೋ-ಸ್ಮ್ಯಾಡ್2ಗೆ ವೆಸ್ಟರ್ನ್ ಬ್ಲಾಟ್ ಮಾಡಿ. ಪಟ್ಟಿ ಸುಮಾರು 60 ಕಿಲೋಡಾಲ್ಟನ್‌ನಲ್ಲಿ ಬರುತ್ತದೆ. ಸೆಲ್ ಒಡೆಯುವ ಬಫರ್‌ಗೆ, ಫಾಸ್ಫೇಟನ್ನು ಕಿತ್ತುಹಾಕುವ ಫಾಸ್ಫಟೇಸ್ ತಡೆಯುವ ಔಷಧ ಸೇರಿಸಲು ಮರೆಯಬೇಡಿ. ಬ್ಲಾಕ್ ಮಾಡಲು, ಅಂದರೆ ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಬ್ಲಾಟ್‌ನ ಪೊರೆಯನ್ನು ಮೊದಲೇ ಮುಚ್ಚಲು, ಹಾಲಿನ ಪುಡಿ ಬೇಡ. ಹಾಲಿನ ಕೇಸಿನ್‌ನಲ್ಲೇ ಫಾಸ್ಫೇಟ್ ತುಂಬಿದೆ. ಬಿಎಸ್‌ಎ ಬಳಸಿ.

ಎಚ್‌ಇಕೆ293 ಎಂಬ ಮನುಷ್ಯ ಮೂಲದ ಸೆಲ್‌ಗಳಿಗೆ ಸ್ಮ್ಯಾಡ್3ಕ್ಕೆ ಸ್ಪಂದಿಸಿ ಬೆಳಕು ಕೊಡುವ ಲೂಸಿಫರೇಸ್ ಜೀನ್ ಸೇರಿಸಿದ ಸಾಧನ ನಿಮ್ಮ ಲ್ಯಾಬ್‌ನಲ್ಲಿದ್ದರೆ ಇನ್ನೂ ಒಳ್ಳೆಯದು. ಬೆಳಕು ಅಳೆದರೆ ಅಂಕಿಯೇ ಸಿಗುತ್ತದೆ.

ಡೋಸ್ ಹಾಕುವ ರೀತಿ ಹೀಗೆ. ಹೊಸಬರು ಸ್ಟಾಕನ್ನು ಮೀಡಿಯಂನಲ್ಲಿ ತೆಳು ಮಾಡುತ್ತಾ ಹೋಗುತ್ತಾರೆ. ಆಗ ಪ್ರತಿ ವೆಲ್‌ಗೆ ಬೇರೆ ಬೇರೆ ಪ್ರಮಾಣದ ಆಮ್ಲ ಬೀಳುತ್ತದೆ. ಅದರ ಬದಲು ಆಮ್ಲದ ನೀರಿನಲ್ಲೇ ತೆಳು ಮಾಡಿ. ಎರಡು ಪಾಲು ಸೇರಿಸಿ 20 ಮೈಕ್ರೋಲೀಟರ್ ಸ್ಟಾಕ್ ಮಾಡಿಕೊಳ್ಳಿ. ಅದರಿಂದ 10 ತೆಗೆದು 20 ಮೈಕ್ರೋಲೀಟರ್ ಆಮ್ಲ+ಬಿಎಸ್‌ಎಗೆ ಹಾಕಿ. ಅಲ್ಲಿಂದ 10 ತೆಗೆದು ಮುಂದಿನ 20ಕ್ಕೆ. ಹೀಗೆ ಸ್ಟಾಕ್ ಟ್ಯೂಬ್ ಸೇರಿ ಆರು ಟ್ಯೂಬ್. ಪ್ರತಿ ಟ್ಯೂಬ್‌ನಿಂದ 3 ಮೈಕ್ರೋಲೀಟರನ್ನು 0.1% ಬಿಎಸ್‌ಎ ಇರುವ 1 ಮಿಲಿಲೀಟರ್ ಮೀಡಿಯಂಗೆ ಹಾಕಿದರೆ ಸಿಗುವುದು ಸುಮಾರು 300, 100, 33, 11, 4 ಮತ್ತು 1 ನ್ಯಾನೋಗ್ರಾಂ. ಏಳನೆಯದಕ್ಕೆ ಬರೀ ಆಮ್ಲ+ಬಿಎಸ್‌ಎ 3 ಮೈಕ್ರೋಲೀಟರ್. ಎಲ್ಲ ವೆಲ್‌ಗೂ ಆಮ್ಲ ಒಂದೇ ಅಳತೆ. ಆಮ್ಲದಿಂದ ಸೆಲ್‌ಗೆ ಏನಾದರೂ ಆಗುತ್ತಾ ಎಂಬ ಭಯ ಬೇಡ. ಇಷ್ಟು ಕಡಿಮೆ ಆಮ್ಲವನ್ನು ಮೀಡಿಯಂನ ಬೈಕಾರ್ಬನೇಟ್ ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಸ್ಟಾಕನ್ನು ನೇರವಾಗಿ ಸೆಲ್ ಮೇಲೆ ತೊಟ್ಟಿಕ್ಕಿಸಬೇಡಿ, ಮೀಡಿಯಂನಲ್ಲಿ ಬೆರೆಸಿ ಆ ಕ್ಷಣವೇ ಹಾಕಿ. ಬೆರೆಸಿಟ್ಟು ಊಟಕ್ಕೆ ಹೋಗಬೇಡಿ.

ಇನ್ನೆರಡು ಕಂಟ್ರೋಲ್ ಖಂಡಿತ ಬೇಕು. ಒಂದರಲ್ಲಿ ಮಯೋಸ್ಟಾಟಿನ್ ಜೊತೆ ಎಸ್‌ಬಿ-431542 ಎಂಬ ಎಎಲ್‌ಕೆ ತಡೆಯುವ ಔಷಧ, 10 ಮೈಕ್ರೋಮೋಲಾರ್. ಇನ್ನೊಂದರಲ್ಲಿ ಮಯೋಸ್ಟಾಟಿನ್ ಜೊತೆ ಫಾಲಿಸ್ಟಾಟಿನ್. ಎರಡರಲ್ಲೂ ಪರಿಣಾಮ ಇಳಿಯಬೇಕು. ಇಳಿಯದಿದ್ದರೆ ನೀವು ನೋಡುತ್ತಿರುವುದು ಮಯೋಸ್ಟಾಟಿನ್ ಕೆಲಸವಲ್ಲ, ಎಂಡೋಟಾಕ್ಸಿನ್ ಮೇಲೆ ಅನುಮಾನ ಪಡಿ. "ಕುದಿಸಿದ ಪ್ರೋಟೀನ್" ಕಂಟ್ರೋಲ್ ಹಾಕುವ ರೂಢಿ ಕೆಲವು ಕಡೆ ಇದೆ. ಇಲ್ಲಿ ಅದನ್ನು ನಂಬಬೇಡಿ. ಈ ಕುಟುಂಬದ ಪ್ರೋಟೀನ್‌ಗಳು ಬಿಸಿಗೆ ಸುಲಭಕ್ಕೆ ಬಗ್ಗುವುದಿಲ್ಲ, ಎಂಡೋಟಾಕ್ಸಿನ್ ಕೂಡ ಕುದಿಸಿದರೆ ಸಾಯುವುದಿಲ್ಲ.

ಜೆಲ್‌ನಲ್ಲೂ ನೋಡಬೇಕೆಂದರೆ ಕ್ಯಾರಿಯರ್ ಇಲ್ಲದ ವಯಲ್ ಬೇಕು, ಅದನ್ನು ಬಿಎಸ್‌ಎ ಹಾಕದ ಆಮ್ಲದ ನೀರಿನಲ್ಲಿ ಕರಗಿಸಿರಬೇಕು. ಇಲ್ಲವಾದರೆ 66 ಕಿಲೋಡಾಲ್ಟನ್‌ನಲ್ಲಿ ಬಿಎಸ್‌ಎಯ ದೊಡ್ಡ ಪಟ್ಟಿ ಬಂದು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಗಂಧಕದ ಬಂಧ ಒಡೆಯುವ ಡಿಟಿಟಿ ಹಾಕದೆ ಓಡಿಸಿದರೆ 25, ಹಾಕಿ ಓಡಿಸಿದರೆ 12.5ರ ಹತ್ತಿರ ಪಟ್ಟಿ ಬರಬೇಕು. ಡಿಟಿಟಿ ಹಾಕದೆಯೂ 12.5ರಲ್ಲೇ ಬಂದರೆ ನಿಮ್ಮ ಬಳಿ ಇರುವುದು ಒಂಟಿ ತುಂಡು. ಅದರ ಕೈಲಿ ಕೆಲಸ ಆಗುವುದಿಲ್ಲ.

ಹಂತ 7: ಸಿ2ಸಿ12 ಮೇಲೆ ಮುಖ್ಯ ಪ್ರಯೋಗ

ಸಿ2ಸಿ12 ಎಂದರೆ ಇಲಿಯ ಸ್ನಾಯುವಿನಿಂದ ಬಂದ ಸೆಲ್‌ಗಳು. ನಮ್ಮ ದೇಶದಲ್ಲಿ ಪುಣೆಯ ಎನ್‌ಸಿಸಿಎಸ್ ಸೆಲ್ ಸಂಗ್ರಹದಿಂದ ತರಿಸಬಹುದು. ಸೀರಂ ಕಡಿಮೆ ಮಾಡಿ 2% ಕುದುರೆ ಸೀರಂಗೆ ಹಾಕಿದರೆ ಇವು ಒಂದಕ್ಕೊಂದು ಸೇರಿಕೊಂಡು ಉದ್ದನೆಯ ಸ್ನಾಯು ಎಳೆಗಳಾಗುತ್ತವೆ. ಇವಕ್ಕೆ ಮಯೋಟ್ಯೂಬ್ ಎನ್ನುತ್ತಾರೆ. ಮಯೋಸ್ಟಾಟಿನ್ ಇದ್ದರೆ ಎಳೆಗಳು ಕಡಿಮೆ, ಸಣ್ಣ. ಮಯೋಜೆನಿನ್‌ನಂಥ ಗುರುತಿನ ಪ್ರೋಟೀನ್‌ಗಳೂ ಇಳಿಯುತ್ತವೆ.

ಇಲ್ಲಿ ದೊಡ್ಡ ಗುಂಡಿ ಸೆಲ್‌ಗಳದ್ದೇ. ಬೆಳೆಸುವಾಗ ತಟ್ಟೆ ತುಂಬಲು ಬಿಟ್ಟರೆ ಸೇರಿಕೊಳ್ಳಲು ತಯಾರಿದ್ದವು ಆಗಲೇ ಸೇರಿಬಿಡುತ್ತವೆ. ಮುಂದೆ ಉಳಿಯುವುದು ಎಂದೂ ಎಳೆಯಾಗದ ಸೋಮಾರಿಗಳು. ತಟ್ಟೆಯ 70% ತುಂಬುವ ಮುಂಚೆಯೇ ಬೇರೆ ತಟ್ಟೆಗೆ ದಾಟಿಸಿ. ಪ್ರೋಟೀನ್ ಹಾಕದ ತಟ್ಟೆಯಲ್ಲೇ ಐದನೇ ದಿನಕ್ಕೆ ಒಳ್ಳೆಯ ಎಳೆಗಳು ಕಾಣದಿದ್ದರೆ ಮಯೋಸ್ಟಾಟಿನ್ ವ್ಯರ್ಥ ಮಾಡಬೇಡಿ. ಹಳೆಯ ಸೆಲ್ ಬಿಟ್ಟು ಸೆಲ್‌ಗಳ ಹೊಸ ವಯಲ್ ತೆಗೆಯಿರಿ.

ಕುದುರೆ ಸೀರಂನಲ್ಲೂ ಮಯೋಸ್ಟಾಟಿನ್ ಕಟ್ಟಿಹಾಕುವವು ಇರುವುದರಿಂದ ಸ್ಮ್ಯಾಡ್ ಪರೀಕ್ಷೆಯಲ್ಲಿ 30 ನ್ಯಾನೋಗ್ರಾಂ ಸಾಕಾಗಿದ್ದರೂ ಇಲ್ಲಿ ಜಾಸ್ತಿ ಬೇಕಾಗಬಹುದು. ನೂರರಿಂದ ಶುರು ಮಾಡಿ ಮೇಲೆ ಹೋಗಿ. ಮೀಡಿಯಂ ಬದಲಿಸಿದಾಗಲೆಲ್ಲ ಹೊಸದಾಗಿ ಹಾಕಿ. ಎಳೆಗಳ ಅಗಲ ಅಳೆಯುವವರಿಗೆ ಯಾವ ತಟ್ಟೆ ಯಾವುದು ಎಂದು ಗೊತ್ತಿರಬಾರದು. ನೀವೇ ಅಳೆಯುವುದಾದರೆ ಗೆಳೆಯರಿಂದ ಫೋಟೋಗಳ ಹೆಸರು ಬದಲಾಯಿಸಿಕೊಳ್ಳಿ. ನಮಗೆ ಬೇಕಾದ ಎಳೆಯೇ ನಮ್ಮ ಕಣ್ಣಿಗೆ ಮೊದಲು ಬೀಳುತ್ತದೆ.

ಆಂಟಿಬಾಡಿ ಕೊಳ್ಳುವವರಿಗೆ

ಮಯೋಸ್ಟಾಟಿನ್‌ಗೆ ಜಿಡಿಎಫ್-11 ಎಂಬ ತದ್ರೂಪಿ ತಮ್ಮ ಇದ್ದಾನೆ. ಮೆಚ್ಯೂರ್ ಭಾಗದಲ್ಲಿ ಸುಮಾರು 90% ಒಂದೇ. ಎಷ್ಟೋ ಆಂಟಿಬಾಡಿಗಳು ಇಬ್ಬರನ್ನೂ ಹಿಡಿಯುತ್ತವೆ. 2013 ಮತ್ತು 2014ರಲ್ಲಿ, ವಯಸ್ಸಾದಂತೆ ಜಿಡಿಎಫ್-11 ಇಳಿಯುತ್ತದೆ, ತುಂಬಿಕೊಟ್ಟರೆ ಮುದಿ ಇಲಿಯ ಹೃದಯ, ಸ್ನಾಯು ಚೇತರಿಸಿಕೊಳ್ಳುತ್ತವೆ ಎಂಬ ದೊಡ್ಡ ಸುದ್ದಿ ಬಂತು. 2015ರಲ್ಲಿ ಇನ್ನೊಂದು ತಂಡ, ಅಳೆಯಲು ಬಳಸಿದ ಸಾಧನಗಳು ಮಯೋಸ್ಟಾಟಿನನ್ನೂ ಹಿಡಿಯುತ್ತಿದ್ದವು ಎಂದು ತೋರಿಸಿತು. ನಿಮ್ಮ ಬ್ಲಾಟ್‌ನಲ್ಲಿ ಒಂದು ಸಾಲು ಶುದ್ಧ ಜಿಡಿಎಫ್-11ಕ್ಕೂ ಮೀಸಲಿಡಿ. ಅಲ್ಲಿಯೂ ಪಟ್ಟಿ ಬಂದರೆ ಆ ಆಂಟಿಬಾಡಿಯ ಮಾತು ನಂಬುವ ಹಾಗಿಲ್ಲ.

ಇಷ್ಟೆಲ್ಲ ಮಾಡಿಯೂ ಸ್ಮ್ಯಾಡ್2 ಏಳದಿದ್ದರೆ ನನಗೆ ಬರೆಯಿರಿ. ಬರೆಯುವಾಗ ಲಾಟ್‌ನ ಸಿಓಎ ಫೋಟೋ, ಕರಗಿಸಿದ ದ್ರಾವಣ ಮತ್ತು ತಾರೀಕು, ಪಾಲು ಎಷ್ಟು ಸಲ ಕರಗಿದೆ, ಸೆಲ್ ಎಷ್ಟನೇ ಬಾರಿ ದಾಟಿಸಿದ್ದು, ಸೀರಂ ಎಷ್ಟು ಗಂಟೆ ತೆಗೆದಿದ್ದಿರಿ, ಇವಿಷ್ಟನ್ನೂ ತಿಳಿಸಿ. ಬ್ಲಾಟ್‌ನ ಚಿತ್ರವನ್ನು ಕತ್ತರಿಸದೆ ಪೂರ್ತಿಯಾಗಿ ಕಳಿಸಿ.